ಹೆಸರಿನ ಜೊತೆ ಹೊಣೆಯೂ ಗಡಿ ದಾಟಲಿ

ಬಿಬಿಸಿ ಅಮೆರಿಕ ಎಂಬ ವಾಹಿನಿಯಲ್ಲಿ ಈಗ ಬಿಬಿಸಿಗೆ ಪಾಲಿಲ್ಲ. ಬ್ರಿಟನ್ನಿನ ಕಾರ್ಯಕ್ರಮಗಳನ್ನು ಅಮೆರಿಕದ ಕೇಬಲ್ ವೀಕ್ಷಕರಿಗೆ ತಲುಪಿಸಲೆಂದು 1998ರಲ್ಲಿ ಶುರುವಾದ ವಾಹಿನಿ ಅದು. 2014ರಲ್ಲಿ ಎಎಂಸಿ ನೆಟ್‌ವರ್ಕ್ಸ್ ಕಂಪನಿ ಅದರ ಶೇ 49.9ರಷ್ಟು ಪಾಲನ್ನು 20 ಕೋಟಿ ಡಾಲರ್ ಕೊಟ್ಟು ಕೊಂಡಿತು. ವಾಹಿನಿ ನಡೆಸುವ ಅಧಿಕಾರವೂ ಅದರ ಕೈಗೆ ಹೋಯಿತು. ಉಳಿದ ಶೇ 50.1ರಷ್ಟು ಪಾಲು 2024ರ ನವೆಂಬರ್‌ನಲ್ಲಿ ಅದೇ ಕಂಪನಿಗೆ ಬರೀ 4.2 ಕೋಟಿ ಡಾಲರ್‌ಗೆ ಮಾರಾಟವಾಯಿತು. ಹೆಸರು ಮಾತ್ರ ಹಾಗೇ ಉಳಿದಿದೆ. ಈ ಮಾರಾಟಕ್ಕೆ ಎಷ್ಟೋ ಮೊದಲೇ ವಾಹಿನಿಯ ವೇಳಾಪಟ್ಟಿಯಲ್ಲಿ ‘ಸ್ಟಾರ್ ಟ್ರೆಕ್’, ‘ದಿ ಎಕ್ಸ್-ಫೈಲ್ಸ್’ನಂಥ ಅಮೆರಿಕದ್ದೇ ಹಳೆಯ ಧಾರಾವಾಹಿಗಳ ಮರುಪ್ರಸಾರ ಗಂಟೆಗಟ್ಟಲೆ ತುಂಬಿಕೊಂಡಿತ್ತು. ತೆರೆಯ ಮೂಲೆಯಲ್ಲಿ ಬಿಬಿಸಿಯ ಲಾಂಛನ, ತೆರೆಯ ತುಂಬ ಬಿಬಿಸಿ ತಯಾರಿಸದ ಸರಕು. ಸಾರ್ವಜನಿಕ ಹಣದಲ್ಲಿ ಬೆಳೆದ ಪ್ರಸಾರ ಸಂಸ್ಥೆಯೊಂದು ತನ್ನ ಹೆಸರನ್ನು ಗಡಿಯಾಚೆ ಯಾರಿಗೆ, ಯಾವ ಷರತ್ತಿನ ಮೇಲೆ ಕೊಡಬೇಕು ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಹೆಸರು ಕೊಡುವುದೆಂದರೆ ಜಾಮೀನು ಹಾಕಿದಂತೆ. ಜಾಮೀನುದಾರನಿಗೆ ವ್ಯವಹಾರದ ಮೇಲೆ ಕಣ್ಣಿರಬೇಕು, ಎಡವಟ್ಟಾದರೆ ತಡೆಯುವ ಅಧಿಕಾರವೂ ಇರಬೇಕು. ಅವೆರಡೂ ಇಲ್ಲದ ಕಡೆ ಹೆಸರು ಇರಕೂಡದು ಎಂಬುದು ನನ್ನ ವಾದ.

ಬಿಬಿಸಿ ಹೊರದೇಶಗಳಿಗೆ ಎರಡು ದಾರಿಗಳಲ್ಲಿ ಹೋಯಿತು. ಮೊದಲನೆಯದು ಸಾರ್ವಜನಿಕ ಹಣದ ದಾರಿ. 1932ರ ಡಿಸೆಂಬರ್‌ನಲ್ಲಿ ಎಂಪೈರ್ ಸರ್ವಿಸ್ ಆಗಿ ಶುರುವಾದ ಬಾನುಲಿ 1940ರಲ್ಲಿ ಹಿಂದಿಗೂ ಬಂತು. ವರ್ಲ್ಡ್ ಸರ್ವಿಸ್ ಎಂಬ ಹೆಸರು ಪಡೆದದ್ದು 1965ರಲ್ಲಿ. 2014ರವರೆಗೂ ಅದರ ಖರ್ಚನ್ನು ಬ್ರಿಟನ್ನಿನ ವಿದೇಶಾಂಗ ಕಚೇರಿಯೇ ಭರಿಸುತ್ತಿತ್ತು. ಎರಡನೆಯದು ವ್ಯಾಪಾರದ ದಾರಿ. 1991ರಲ್ಲಿ ವಿದೇಶಗಳಿಗೆ ಟೆಲಿವಿಷನ್ ಸುದ್ದಿ ಕೊಡಲು ಹೊರಟಾಗ ಸರ್ಕಾರದ ಹಣ ಸಿಗಲಿಲ್ಲ, ಜಾಹೀರಾತು ಮತ್ತು ಚಂದಾವನ್ನೇ ನೆಚ್ಚಬೇಕಾಯಿತು. ಏಷ್ಯಾದಲ್ಲಿ ಆ ವಾಹಿನಿ ಸ್ಟಾರ್ ಟಿವಿಯ ಮೂಲಕ ಹರಿದು ಭಾರತದ ಕೇಬಲ್ ಮನೆಗಳಿಗೂ ಬಂತು. 1993ರಲ್ಲಿ ಸ್ಟಾರ್ ರೂಪರ್ಟ್ ಮರ್ಡಾಕ್ ಅವರ ಕೈ ಸೇರಿತು. ಮರುವರ್ಷವೇ, ಚೀನಾದ ಆಡಳಿತಕ್ಕೆ ಮುನಿಸು ಬಾರದಿರಲೆಂದು, ಚೀನಾ ಕಡೆಗಿನ ಪ್ರಸಾರದಿಂದ ಬಿಬಿಸಿಯನ್ನು ಕಿತ್ತುಹಾಕಲಾಯಿತು. ಸುದ್ದಿಯ ವಿಶ್ವಾಸಾರ್ಹತೆಯಲ್ಲಿ ಕೊರತೆ ಕಂಡು ಹಾಗೆ ಮಾಡಿದ್ದಲ್ಲ. ಪ್ರಸಾರದ ಕೀಲಿ ಬಿಬಿಸಿಯ ಬಳಿ ಇರಲಿಲ್ಲ, ಅಷ್ಟೆ.

ವ್ಯಾಪಾರವೇ ತಪ್ಪು ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ಹೆಸರನ್ನು ವಿವೇಕದಿಂದ ಬಳಸಿದ ಉದಾಹರಣೆಗಳೂ ಬಿಬಿಸಿಯಲ್ಲೇ ಇವೆ. 2013ರಲ್ಲಿ ಅದು ಹೊರದೇಶದ ವಾಹಿನಿಗಳಿಗಾಗಿ ಬಿಬಿಸಿ ಅರ್ತ್, ಬಿಬಿಸಿ ಫಸ್ಟ್, ಬಿಬಿಸಿ ಬ್ರಿಟ್ ಎಂದು ವಿಷಯವಾರು ಹೆಸರುಗಳನ್ನು ಪ್ರಕಟಿಸಿತು. ಈ ಮೂರರಲ್ಲಿ ಅರ್ತ್ ಹೆಸರಿಗೆ ಗಟ್ಟಿ ಆಧಾರವಿದೆ. ಬ್ರಿಸ್ಟಲ್ ನಗರದಲ್ಲಿ 1957ರಿಂದ ನಡೆದು ಬಂದ ವನ್ಯಜೀವಿ ಚಿತ್ರಣದ ಘಟಕ ಮತ್ತು ‘ಪ್ಲಾನೆಟ್ ಅರ್ತ್’ನಂಥ ಸರಣಿಗಳ ದುಡಿಮೆ ಅದರ ಹಿಂದಿದೆ. ಭಾರತದಲ್ಲಿ 2017ರಲ್ಲಿ ಸೋನಿಯ ಜೊತೆಗೂಡಿ ಬಂದಾಗ ಅದು ಸೋನಿ ಬಿಬಿಸಿ ಅರ್ತ್ ಎಂದೇ ಬಂತು. ಇಬ್ಬರು ಪಾಲುದಾರರಿದ್ದಾರೆ ಎಂಬುದನ್ನು ಹೆಸರೇ ಹೇಳಿತು. ಬ್ರಿಟ್‌ಬಾಕ್ಸ್ ಇನ್ನೊಂದು ಬಗೆಯದು. ಬಿಬಿಸಿಯ ವಾಣಿಜ್ಯ ಅಂಗ ಮತ್ತು ಖಾಸಗಿ ಐಟಿವಿ ಸೇರಿ 2017ರಲ್ಲಿ ಅಮೆರಿಕದಲ್ಲಿ ಶುರುಮಾಡಿದ ಈ ಸ್ಟ್ರೀಮಿಂಗ್ ಸೇವೆಗೆ ಬಿಬಿಸಿಯ ಹೆಸರನ್ನೇ ಇಡಲಿಲ್ಲ. 2024ರ ಮಾರ್ಚ್‌ನಲ್ಲಿ ಐಟಿವಿಯ ಅರ್ಧ ಪಾಲನ್ನು ಬಿಬಿಸಿ ಕೊಂಡಾಗ ಕೊಟ್ಟ ಬೆಲೆ 25.5 ಕೋಟಿ ಪೌಂಡ್. ಬ್ರಿಟನ್ನಿನ ಪತ್ತೇದಾರಿ ಧಾರಾವಾಹಿ, ನಾಟಕಗಳು ತಮ್ಮ ಗುಣದಿಂದಲೇ ಪರದೇಶದ ಚಂದಾದಾರರನ್ನು ಸಂಪಾದಿಸಬಲ್ಲವು, ಸುದ್ದಿಮನೆಯ ಹೆಸರನ್ನು ಅವಕ್ಕಾಗಿ ಪಣಕ್ಕಿಡಬೇಕಿಲ್ಲ ಎಂಬುದಕ್ಕೆ ಈ ಬೆಲೆಯೇ ಪುರಾವೆ.

ವೀಕ್ಷಕನಿಗೆ ಬೇಕಿರುವುದು ಕಾರ್ಯಕ್ರಮ, ಹೆಸರು ಯಾರದಾದರೇನು ಎಂಬ ಆಕ್ಷೇಪಕ್ಕೂ ಇಲ್ಲೇ ಅರ್ಧ ಉತ್ತರವಿದೆ. ಮನರಂಜನೆಯ ಮಟ್ಟಿಗೆ ಆ ಮಾತು ನಿಜ. ನಾಟಕ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡುವವರೇ ಅರ್ಧ ಗಂಟೆಯಲ್ಲಿ ತೀರ್ಮಾನಿಸಬಲ್ಲರು. ಸುದ್ದಿಯ ವಿಷಯ ಹಾಗಲ್ಲ. ಸುಡಾನಿನಲ್ಲಿ 2023ರಲ್ಲಿ ಯುದ್ಧ ಹೊತ್ತಿಕೊಂಡಾಗ, ಅದೇ ವರ್ಷದ ಕೊನೆಗೆ ಗಾಜಾ ಯುದ್ಧ ಶುರುವಾದಾಗ ಬಿಬಿಸಿ ಅರಬ್ಬಿಯಲ್ಲಿ ತುರ್ತು ಬಾನುಲಿ ಪ್ರಸಾರ ನಡೆಸಿತು. ಬಾಂಬಿನ ಸದ್ದಿನ ನಡುವೆ ರೇಡಿಯೊ ತಿರುಗಿಸುವವರಿಗೆ ಕೇಳಿದ್ದನ್ನು ಪರೀಕ್ಷಿಸಿ ನೋಡುವ ದಾರಿಯಿಲ್ಲ. ನಂಬಬಹುದೇ ಎಂದು ನಿರ್ಧರಿಸಲು ಅವರಿಗಿರುವುದು ಹೆಸರೊಂದೇ. 2023ರ ಏಪ್ರಿಲ್‌ನಲ್ಲಿ ಬಿಬಿಸಿ ತನ್ನ ದೇಶದೊಳಗಿನ ಮತ್ತು ಹೊರಗಿನ ಸುದ್ದಿ ವಾಹಿನಿಗಳನ್ನು ಬಿಬಿಸಿ ನ್ಯೂಸ್ ಎಂಬ ಒಂದೇ ಹೆಸರಿನಡಿ ತಂದಿತು. ವೆಚ್ಚ ಕಡಿತ ಇದರ ಹಿಂದಿನ ದೊಡ್ಡ ಕಾರಣ. ಬ್ರಿಟನ್ನಿನಲ್ಲಿ ಜಾಹೀರಾತಿಲ್ಲದೆ, ಹೊರಗೆ ಜಾಹೀರಾತಿನೊಂದಿಗೆ ಅದು ನಡೆಯುತ್ತದೆ. ಆದರೂ ಈ ಏಕೀಕರಣವನ್ನು ನಾನು ಸ್ವಾಗತಿಸುತ್ತೇನೆ. ಬಿಬಿಸಿಗಾಗಿ ಟಿವಿ ಪರವಾನಗಿ ಶುಲ್ಕ ಕಟ್ಟುವ ಲಂಡನ್ನಿನವರಿಗೆ ಒಂದು ಸುದ್ದಿ, ಲಾಗೋಸಿನ ವೀಕ್ಷಕರಿಗೆ ಇನ್ನೊಂದು ಎಂಬ ಭೇದಕ್ಕೆ ಒಂದೇ ಹೆಸರಿನಡಿ ಜಾಗ ಕಡಿಮೆ.

ಹೆಸರಿರುವ ಕಡೆ ಹಿಡಿತವೂ ಇರಬೇಕೆಂಬ ಮಾನದಂಡಕ್ಕೆ ನಿಜವಾದ ಪರೀಕ್ಷೆ ಎದುರಾಗಿರುವುದು ಭಾರತದಲ್ಲಿ. ಡಿಜಿಟಲ್ ಸುದ್ದಿ ಮಾಧ್ಯಮದಲ್ಲಿ ವಿದೇಶಿ ಬಂಡವಾಳ ಶೇ 26 ಮೀರಬಾರದೆಂಬ ಮಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ತಂದಿತು. ಅದರ ಫಲವಾಗಿ 2024ರ ಏಪ್ರಿಲ್‌ನಿಂದ ಹಿಂದಿ, ಮರಾಠಿ, ಗುಜರಾತಿ, ಪಂಜಾಬಿ, ತಮಿಳು, ತೆಲುಗು ಸೇವೆಗಳನ್ನು ಬಿಬಿಸಿಯ ಸಿಬ್ಬಂದಿಯೇ ಕಟ್ಟಿದ ಕಲೆಕ್ಟಿವ್ ನ್ಯೂಸ್‌ರೂಮ್ ಎಂಬ ಭಾರತೀಯ ಕಂಪನಿ ಬಿಬಿಸಿಗಾಗಿ ಸಿದ್ಧಪಡಿಸುತ್ತಿದೆ. ಈ ಆರರಲ್ಲಿ ಕನ್ನಡವಿಲ್ಲ. ಹಾಗೆಂದು ಇದು ನಮಗೆ ಸಂಬಂಧವಿಲ್ಲದ ಸಂಗತಿಯಲ್ಲ. ಬೆಳಗಾವಿಯಲ್ಲಿ ಮರಾಠಿ, ಬಳ್ಳಾರಿಯಲ್ಲಿ ತೆಲುಗು ಓದುವ ಮನೆಗಳಿವೆ. ಕಾನೂನಿನ ಒತ್ತಾಯದಿಂದ ಹೀಗೆ ಮಾಡಬೇಕಾಯಿತು ಎಂಬುದು ಅರ್ಥವಾಗುತ್ತದೆ. ಆದರೆ ಇಲ್ಲಿ ಹೆಸರು ಒಬ್ಬರದು, ಸುದ್ದಿಮನೆ ಇನ್ನೊಬ್ಬರದು. ವರದಿ ತಪ್ಪಿದರೆ ತಿದ್ದುಪಡಿ ಹಾಕುವವರು ಯಾರು, ದೂರು ಕೇಳುವವರು ಯಾರು, ಯಾವ ಹಂತದಲ್ಲಿ ಹೆಸರನ್ನು ವಾಪಸು ಪಡೆಯಬಹುದು ಎಂಬುದನ್ನು ಓದುಗರಿಗೆ ಎದ್ದು ಕಾಣುವಂತೆ ಪ್ರತಿ ಪುಟದಲ್ಲೂ ಹೇಳಬೇಕು.

ಇಷ್ಟು ಬಿಗಿ ಮಾಡಿದರೆ ಹಣ ಎಲ್ಲಿಂದ ಬರಬೇಕು ಎನ್ನುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಬ್ರಿಟನ್ನಿನ ಮನೆಯೊಂದು 2025ರ ಏಪ್ರಿಲ್‌ನಿಂದ ವರ್ಷಕ್ಕೆ 174.50 ಪೌಂಡ್ ಪರವಾನಗಿ ಶುಲ್ಕ ಕಟ್ಟಬೇಕಾಗಿತ್ತು. ಜಗತ್ತಿಗೆಲ್ಲ ಸುದ್ದಿ ಕೊಡುವ ಭಾರವನ್ನೂ ಅದರ ಮೇಲೇ ಹೇರುವುದು ಸರಿಯಲ್ಲ. ಹೊರಗಿನ ಗಳಿಕೆ ಬೇಕು. ಆದರೆ ಸಡಿಲವಾಗಿ ಹೆಸರು ಕೊಟ್ಟರೆ ಗಳಿಕೆಯೂ ಉಳಿಯುವುದಿಲ್ಲ. ಬಿಬಿಸಿ ಅಮೆರಿಕದ ಬೆಲೆ ಹತ್ತು ವರ್ಷಗಳಲ್ಲಿ ಅಷ್ಟು ಕುಸಿಯಲು ಕೇಬಲ್ ಉದ್ಯಮದ ಇಳಿಮುಖವೇ ಮುಖ್ಯ ಕಾರಣವೆಂದು ಒಪ್ಪೋಣ. ಆ ಇಳಿಮುಖದಲ್ಲಿ ಬಿಬಿಸಿ ಎಂಬ ಹೆಸರು ವಾಹಿನಿಯನ್ನು ಹಿಡಿದು ನಿಲ್ಲಿಸಲಿಲ್ಲ ಎಂಬುದೂ ಅಷ್ಟೇ ನಿಜ.

ನಮ್ಮ ಪ್ರಸಾರ ಭಾರತಿಗೆ ಇದರಲ್ಲಿ ನೇರ ಪಾಠವಿದೆ. ಆಕಾಶವಾಣಿಯ ವಿದೇಶ ಪ್ರಸಾರ 1939ರಷ್ಟು ಹಳೆಯದು. ಡಿಡಿ ಇಂಡಿಯಾ 2019ರಿಂದ ಇಂಗ್ಲಿಷಿನಲ್ಲಿ ಹೊರಜಗತ್ತಿಗೆ ಮಾತಾಡುತ್ತಿದೆ. 2024ರ ನವೆಂಬರ್ 20ರಂದು ಗೋವಾದ ಚಿತ್ರೋತ್ಸವದಲ್ಲಿ ಸಂಸ್ಥೆಯ ಸ್ಟ್ರೀಮಿಂಗ್ ವೇದಿಕೆ ಬಿಡುಗಡೆಯಾಯಿತು. ಕನ್ನಡವೂ ಸೇರಿ ಹನ್ನೆರಡಕ್ಕೂ ಹೆಚ್ಚು ಭಾಷೆಗಳು, ಹಳೆಯ ಧಾರಾವಾಹಿಗಳು, ನೇರ ವಾಹಿನಿಗಳು, ಆಟಗಳು, ಕೊಳ್ಳುವ ಸೌಲಭ್ಯ ಎಲ್ಲ ಅದರಲ್ಲಿವೆ. ಅದರ ಹೆಸರು ವೇವ್ಸ್. 2025ರ ಮೇ ತಿಂಗಳಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಮುಂಬೈಯಲ್ಲಿ ನಡೆಸಿದ ಜಾಗತಿಕ ಮನರಂಜನಾ ಶೃಂಗಸಭೆಯ ಹೆಸರೂ ವೇವ್ಸ್. ಯುವಕರನ್ನು ಸೆಳೆಯಲು ಹೊಸ ಹೆಸರು ಬೇಕು ಎಂಬ ವಾದವನ್ನು ಒಪ್ಪಿದರೂ, ಸ್ವಾಯತ್ತ ಸಂಸ್ಥೆಯ ಸೇವೆಗೂ ಸಚಿವಾಲಯದ ಸಮಾವೇಶಕ್ಕೂ ಒಂದೇ ಹೆಸರಿರುವುದನ್ನು ಒಪ್ಪಲಾಗದು. 1990ರ ಕಾಯ್ದೆ ಪ್ರಸಾರ ಭಾರತಿಗೆ ಸ್ವಾಯತ್ತತೆಯ ಸ್ಥಾನ ಕೊಟ್ಟಿದೆ. ದುಬೈಯಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡಿಗರು ಆ ಆ್ಯಪ್ ತೆರೆದಾಗ ತಾವು ನೋಡುತ್ತಿರುವುದು ಸರ್ಕಾರದ ಪ್ರಚಾರವೋ ಸಾರ್ವಜನಿಕ ಪ್ರಸಾರವೋ ಎಂದು ಹೆಸರಿನಿಂದ ತಿಳಿಯುವಂತಿಲ್ಲ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಕಟ್ಟಿದ ಖಾಸಗಿ ನಿಲಯದ ಆಕಾಶವಾಣಿ ಎಂಬ ಹೆಸರು ಇಡೀ ದೇಶದ್ದಾಯಿತು. ತಲೆಮಾರುಗಳು ಕೇಳಿ ನೆಚ್ಚಿಕೊಂಡ ಅಂಥ ಹೆಸರುಗಳು ಕೈಯಲ್ಲಿರುವಾಗ ಅವನ್ನು ಬದಿಗಿಟ್ಟದ್ದು ನಷ್ಟದ ಬಾಬತ್ತು.

ಸರ್ಕಾರದ ಹಣ ಪಡೆದೂ ವರ್ಲ್ಡ್ ಸರ್ವಿಸ್ ನಂಬಿಕೆ ಉಳಿಸಿಕೊಂಡದ್ದು ಸುದ್ದಿಯ ನಿರ್ಧಾರ ಸಂಪಾದಕರ ಮೇಜಿನಲ್ಲೇ ಆಗುತ್ತಿತ್ತು ಎಂಬ ಕಾರಣಕ್ಕೆ. ಆದ್ದರಿಂದ ಸಾರ್ವಜನಿಕ ಪ್ರಸಾರಕರು ಮೂರು ಕಟ್ಟಳೆಗಳನ್ನು ತಾವೇ ಹಾಕಿಕೊಳ್ಳಬೇಕು. ಸಂಪಾದಕೀಯ ಹಿಡಿತ ಇಲ್ಲದ ಕಡೆ ಸುದ್ದಿಗೆ ಹೆಸರು ಕೊಡಬಾರದು. ಹೆಸರನ್ನು ಹಂಚಿಕೊಂಡರೆ ಒಪ್ಪಂದದ ಮುಖ್ಯ ಷರತ್ತುಗಳನ್ನು ಪ್ರಕಟಿಸಬೇಕು. ಸರ್ಕಾರದ ಹೆಸರಿನಿಂದಲೂ ಕಂಪನಿಯ ಹೆಸರಿನಿಂದಲೂ ತಮ್ಮ ಹೆಸರು ಬೇರೆಯಾಗಿ ಕಾಣುವಂತೆ ನೋಡಿಕೊಳ್ಳಬೇಕು. ಈ ಹೆಸರುಗಳನ್ನು ಕಟ್ಟಿದ್ದು ಜನರ ಹಣ ಮತ್ತು ಸಾವಿರಾರು ಪತ್ರಕರ್ತರ, ತಂತ್ರಜ್ಞರ, ಕಲಾವಿದರ ದುಡಿಮೆ. ಅವನ್ನು ಯಾರಿಗೆ ಕೊಡಲಾಗಿದೆ, ಏಕೆ ಕೊಡಲಾಗಿದೆ ಎಂದು ಲೆಕ್ಕ ಕೇಳುವ ಹಕ್ಕು ಆ ಜನರಿಗಿದೆ. ಕೇಳುವ ಮೊದಲೇ ಲೆಕ್ಕ ಒಪ್ಪಿಸುವುದು ಸಂಸ್ಥೆಗಳ ಕರ್ತವ್ಯ.