ಶಾಲು ಸಾಕು, ಸಂಬಳ ಕೊಡಿ

ಪ್ರತಿ ವರ್ಷ ಮೇ 12 ಬಂತೆಂದರೆ ನಮ್ಮ ಊರುಗಳಲ್ಲಿ ದಾದಿಯರು ಇದ್ದಕ್ಕಿದ್ದಂತೆ ದೇವತೆಗಳಾಗಿಬಿಡುತ್ತಾರೆ. ಮಹಿಳಾ ಸಮಾಜದವರೋ ಯಾವುದಾದರೂ ಕ್ಲಬ್ಬಿನವರೋ ನಾಲ್ಕು ಜನ ದಾದಿಯರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ, ಹಣ್ಣಿನ ಬುಟ್ಟಿ ಕೈಗಿಡುತ್ತಾರೆ. ಮುಖ್ಯ ಅತಿಥಿಗಳು 'ಎರಡನೆಯ ತಾಯಿ', 'ತ್ಯಾಗಮೂರ್ತಿ' ಎಂದೆಲ್ಲ ಬಾಯಿ ತುಂಬ ಹೊಗಳುತ್ತಾರೆ. ಮಕ್ಕಳ ವಾರ್ಡಿನ ದಾದಿಯಾದರೆ ಹೊಗಳಿಕೆ ಇನ್ನೊಂದು ಹಿಡಿ ಹೆಚ್ಚು. ಮರುದಿನ ಬೆಳಿಗ್ಗೆ ಅದೇ ದೇವತೆ ಬಸ್ಸಿಗಾಗಿ ಕಾದು ನಿಂತು, ಹನ್ನೆರಡು ಗಂಟೆಯ ಪಾಳಿಗೆ ಓಡುತ್ತಾಳೆ. ಅವಳ ಸಂಬಳ ಎಷ್ಟೆಂದು ಶಾಲು ಹೊದಿಸಿದವರಲ್ಲಿ ಒಬ್ಬರೂ ಕೇಳಿರುವುದಿಲ್ಲ.

ಹೊಗಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕೂಲಿ ಇರಬೇಕಾದ ಜಾಗದಲ್ಲಿ ಹೊಗಳಿಕೆ ಬಂದು ಕೂತುಬಿಡುತ್ತದಲ್ಲ, ಅದರ ಮೇಲೆ ನನ್ನ ಸಿಟ್ಟು. ದೇವತೆಗೆ ಹಸಿವಿಲ್ಲ, ನಿದ್ದೆಯಿಲ್ಲ, ಮನೆ ಬಾಡಿಗೆಯಿಲ್ಲ. ಮಂಗಳಾರತಿ ಎತ್ತಿದರೆ ಸಾಕು. ಒಬ್ಬಳನ್ನು ದೇವತೆ ಮಾಡುವುದೆಂದರೆ ಅವಳ ಲೆಕ್ಕ ಚುಕ್ತಾ ಮಾಡದೆ ತಪ್ಪಿಸಿಕೊಳ್ಳಲು ಇರುವ ಅತಿ ಅಗ್ಗದ ದಾರಿ.

ನಮಗೆ, ಹೆಂಗಸರಿಗೆ, ಈ ಉಪಾಯ ಹೊಸದೇನೂ ಅಲ್ಲ. ಮನೆಯ ಲಕ್ಷ್ಮಿ, ಅನ್ನಪೂರ್ಣೆ ಎಂದು ಕರೆಸಿಕೊಂಡವಳ ಕೈಯಲ್ಲಿ ತಿಂಗಳ ಕೊನೆಗೆ ಎಷ್ಟು ಕಾಸಿರುತ್ತದೆಂದು ನಮಗೆ ಗೊತ್ತಿಲ್ಲವೇ? ಗೊತ್ತಿದ್ದೂ ಇನ್ನೊಬ್ಬ ಹೆಣ್ಣಿನ ಮೇಲೆ ಅದೇ ಉಪಾಯ ನಡೆಯುವಾಗ ನಾವು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತೇವೆ.

'ತಾಯಿಯ ಹಾಗೆ' ಎಂಬ ಮಾತನ್ನೇ ತೆಗೆದುಕೊಳ್ಳಿ. ನನ್ನ ತಂಗಿಯ ಮೊಮ್ಮಗು ಎಂಟು ತಿಂಗಳದ್ದಿದ್ದಾಗ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿತು. ಮಕ್ಕಳ ವಾರ್ಡಿನಲ್ಲಿ ಒಂಬತ್ತು ರಾತ್ರಿ ನಾನು ಜೊತೆಗಿದ್ದೆ. ಮಗುವಿನ ತಾಯಿಯೂ ಅಲ್ಲೇ ಇದ್ದಳು, ಅವಳ ಪ್ರೀತಿಗೇನೂ ಕಡಿಮೆಯಿರಲಿಲ್ಲ. ಆದರೆ ಅವಳಿಂದ ಆಗದ್ದನ್ನು ದಾದಿ ಮಾಡುತ್ತಿದ್ದಳು. ಮಗುವಿನ ಅಂಗಿ ಎತ್ತಿ, ಕೈಗಡಿಯಾರ ನೋಡುತ್ತ, ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಿದ್ದಳು. ಎರಡು ತಿಂಗಳು ತುಂಬಿ ಒಂದು ವರ್ಷ ಆಗದ ಮಗುವಿಗೆ ನಿಮಿಷಕ್ಕೆ 50 ಮುಟ್ಟಿದರೆ ಅಪಾಯದ ಗುರುತು. ಒಂದು ವರ್ಷ ದಾಟಿ ಐದರೊಳಗಿನ ಮಗುವಿಗೆ 40. ಎದೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದೆಯೇ, ಮೂಗಿನ ಹೊಳ್ಳೆ ಅರಳುತ್ತಿದೆಯೇ ಎಂದು ನೋಡುತ್ತಿದ್ದಳು. ದೊಡ್ಡವರು 'ಇಲ್ಲಿ ನೋಯುತ್ತಿದೆ' ಎಂದು ಬೆರಳು ತೋರಿಸುತ್ತಾರೆ. ಕೂಸು ಏನು ಹೇಳೀತು? ಅದರ ಪರವಾಗಿ ಅದರ ಮೈಯನ್ನು ಓದಬೇಕು. ಅದು ವಿದ್ಯೆ. ಕಲಿತು, ಪರೀಕ್ಷೆ ಬರೆದು, ವರ್ಷಗಟ್ಟಲೆ ಕೈ ಪಳಗಿಸಿಕೊಂಡು ಬರುವ ವಿದ್ಯೆ.

ಔಷಧಿಯ ವಿಷಯವೂ ಹಾಗೆಯೇ. ಮಕ್ಕಳಿಗೆ ಪ್ರಮಾಣ ನಿಗದಿಯಾಗುವುದು ಮೈತೂಕದ ಮೇಲೆ. ದೊಡ್ಡವರಿಗೆ ಪೂರ್ತಿ ಬಾಟಲಿ ಹೋಗುವಲ್ಲಿ ಕೂಸಿಗೆ ಅದರ ಸಣ್ಣ ಪಾಲು. ದಶಾಂಶದ ಚುಕ್ಕಿ ಒಂದು ಮನೆ ಆಚೀಚೆಯಾದರೆ ಹತ್ತು ಪಟ್ಟು. ಮಕ್ಕಳ ಡ್ರಿಪ್ಪಿನ ಸಣ್ಣ ಹನಿ 60 ಬಿದ್ದರೆ ಒಂದು ಮಿಲಿಲೀಟರ್. ವಾಂತಿಭೇದಿಯಿಂದ ಒಣಗಿಹೋದ ಮಗುವಿನ ಮುಂಗೈಯಲ್ಲಿ ದಾರದೆಳೆಯಂಥ ರಕ್ತನಾಳ ಹುಡುಕಿ, ಒದ್ದಾಡುವ ಕೈಯನ್ನು ಹಿಡಿದು, ಸೂಜಿ ಸೇರಿಸಿ, ಅದು ಜಾರದಂತೆ ಪುಟ್ಟ ಹಲಗೆಗೆ ಕಟ್ಟುವುದನ್ನು ಒಮ್ಮೆ ನೋಡಿದವರು 'ಮಮತೆ' ಎಂಬ ಒಂದೇ ಪದದಲ್ಲಿ ಆ ಕೆಲಸವನ್ನು ಮುಗಿಸಲಾರರು.

ಹುಟ್ಟಿದ ಕೂಸಿಗೆ ಕಾಮಾಲೆಯಾದರೆ ನೀಲಿ ದೀಪದ ಕೆಳಗೆ ಮಲಗಿಸುತ್ತಾರಲ್ಲ, ನಿಮ್ಮ ಮನೆಯ ಮಗುವೂ ಮಲಗಿರಬಹುದು. ಆ ಚಿಕಿತ್ಸೆಯ ಮೂಲದಲ್ಲಿ ಒಬ್ಬ ದಾದಿ ಇದ್ದಾಳೆ. 1956ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬಾಕೆ ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದಳು. ಬಿಸಿಲು ತಾಕಿದ ಕಡೆ ಮೈಯ ಹಳದಿ ಮಾಸುತ್ತದೆ, ಬಟ್ಟೆ ಮುಚ್ಚಿದ ಕಡೆ ಹಾಗೆಯೇ ಉಳಿಯುತ್ತದೆ ಎಂದು ಅವಳು ಗಮನಿಸಿ ವೈದ್ಯರಿಗೆ ತೋರಿಸಿದಳು. ಅದರ ಜಾಡು ಹಿಡಿದ ಡಾಕ್ಟರ್ ಕ್ರೀಮರ್ ಮತ್ತು ಸಂಗಡಿಗರು 1958ರಲ್ಲಿ ಬೆಳಕಿನ ಚಿಕಿತ್ಸೆಯ ಬಗ್ಗೆ ಬರೆದರು. ಬಿಸಿಲು ಎಲ್ಲರ ಅಂಗಳದಲ್ಲೂ ಇತ್ತು. ನೋಡುವ ಕಣ್ಣು ಅವಳದು.

ಮೇ 12 ಯಾರ ಹುಟ್ಟುಹಬ್ಬವೋ ಆ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಬರೀ ದೀಪ ಹಿಡಿದು ಓಡಾಡಿದವಳಲ್ಲ. 1820ರಲ್ಲಿ ಹುಟ್ಟಿದ ಆಕೆ ಲೆಕ್ಕದಲ್ಲಿ ಗಟ್ಟಿಗಿತ್ತಿ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ಕೊಳಕಿನಿಂದ ಹರಡುವ ರೋಗಗಳಿಂದ ಸತ್ತರೆಂದು ಅಂಕಿಗಳನ್ನು ಚಿತ್ರ ಬಿಡಿಸಿ ಸರ್ಕಾರದ ಮುಂದಿಟ್ಟಳು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯಾದಳು. ನಾವು ಅವಳ ಕೈಯಲ್ಲಿ ದೀಪವನ್ನು ಉಳಿಸಿ ಲೆಕ್ಕದ ಪುಸ್ತಕವನ್ನು ಕಿತ್ತುಕೊಂಡಿದ್ದೇವೆ. ಆ ಪುಸ್ತಕ ತೆರೆದರೆ ನಮಗೇ ಮುಜುಗರ!

ತೆರೆಯೋಣ. ನಾನಿದ್ದ ವಾರ್ಡಿನಲ್ಲಿ 26 ಮಂಚಗಳು. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಒಬ್ಬ ದಾದಿ, ಜೊತೆಗೆ ತರಬೇತಿಯ ಒಂದು ಹುಡುಗಿ. ಐದನೆಯ ರಾತ್ರಿ ಮೂಲೆಯ ಮಂಚದ ಮಗು ತೀರಿಕೊಂಡಿತು. ಆ ದಾದಿ ಸೂಜಿ ತೆಗೆದು, ಹತ್ತಿಯಿಂದ ಮುಖ ಒರೆಸಿ, ಹಸಿರು ಬಟ್ಟೆಯಲ್ಲಿ ಸುತ್ತಿ ಮಗುವನ್ನು ತಾಯಿಯ ತೊಡೆಗೆ ಕೊಟ್ಟಳು. ಆಕೆಯ ಪಕ್ಕ ನೆಲದ ಮೇಲೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ಎದ್ದು ಕೈ ತೊಳೆದು, ಎರಡು ಗಂಟೆಯ ಔಷಧಿ ಹಂಚಲು ಪಕ್ಕದ ಮಂಚಕ್ಕೆ ಹೋದಳು. ಬೆಳಿಗ್ಗೆ ಮೇಲ್ಹಾಸು ಬದಲಿಸಿಲ್ಲವೆಂದು ಒಬ್ಬ ತಂದೆ ಅವಳ ಮೇಲೆ ಕೂಗಾಡಿದ. ರೌಂಡ್ಸಿಗೆ ಬಂದ ಡಾಕ್ಟರ ಮುಂದೆ ಅದೇ ಮನುಷ್ಯ ಕೈ ಕಟ್ಟಿ ನಿಂತಿದ್ದ.

'ಕೆಲವು ನರ್ಸುಗಳು ಸಿಡುಕುತ್ತಾರಪ್ಪ' ಎನ್ನುವವರಿದ್ದಾರೆ. ಸಿಡುಕುತ್ತಾರೆ, ಹೌದು. ಎರಡು ಮಕ್ಕಳಿಗೆ ಒಂದೇ ದಿನ ಜ್ವರ ಬಂದರೆ ನಾವು ಎಷ್ಟು ಸಿಡುಕುತ್ತೇವೆ? ಅವಳ ಮುಂದೆ 26 ಇವೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ದಾದಿ, ಉಳಿದ ಕಡೆ ಐವರಿಗೆ ಒಬ್ಬಳು ಇರಬೇಕು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ದಯವಿಟ್ಟು ಎಣಿಸಿ. ಅವಳ ಸ್ವಭಾವದ ಬಗ್ಗೆ ತೀರ್ಪು ಆಮೇಲೆ ಕೊಡೋಣ.

ಇನ್ನು ಸಂಬಳ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಖಾಸಗಿ ಆಸ್ಪತ್ರೆಗಳ ದಾದಿಯರ ಸ್ಥಿತಿಗತಿ ನೋಡಲು ಸಮಿತಿ ರಚಿಸುವಂತೆ ಕೇಂದ್ರ ಸರ್ಕಾರಕ್ಕೆ ಹೇಳಿತು. ಆ ಸಮಿತಿಯ ಶಿಫಾರಸು ಹೀಗಿದೆ: 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗಳು ಸರ್ಕಾರಿ ದಾದಿಯರಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯ ಚಿಕ್ಕ ನರ್ಸಿಂಗ್ ಹೋಮ್ ಕೂಡ 20,000 ರೂಪಾಯಿಗಿಂತ ಕಡಿಮೆ ಕೊಡಕೂಡದು. ಜಾರಿಗೆ ತರಬೇಕಾದವರು ರಾಜ್ಯಗಳು. ಆಮೇಲೆ ಎಷ್ಟೋ ವರ್ಷ ಕಳೆದು, ನನ್ನ ಪರಿಚಯದ ಹುಡುಗಿ ಒಂದು ನರ್ಸಿಂಗ್ ಹೋಮಿನ ಮಕ್ಕಳ ವಿಭಾಗಕ್ಕೆ ಸೇರಿದಳು. ತಿಂಗಳಿಗೆ 11,000. ಮೂಲ ಪ್ರಮಾಣಪತ್ರಗಳು ಮಾಲೀಕರ ಬೀರುವಿನಲ್ಲಿ. ಅವಳ ಮದುವೆಯ ಮಾತು ಬಂದಾಗ ಗಂಡಿನ ಕಡೆಯವರು 'ರಾತ್ರಿ ಪಾಳಿಯ ಹುಡುಗಿ ನಮಗೆ ಬೇಡ' ಎಂದು ಹೇಳಿ ಕಳಿಸಿದರು. ಅದನ್ನು ಹೇಳಿದವರು ಗಂಡಸರಲ್ಲ, ನಮ್ಮಂಥ ಹೆಂಗಸರೇ. ತಮ್ಮ ಮೊಮ್ಮಗು ನಡುರಾತ್ರಿ ಮೈಸುಟ್ಟು ನಡುಗುವಾಗ ಯಾವ ಪಾಳಿಯ ಹುಡುಗಿ ಎದ್ದಿರಬೇಕೆಂದು ಅವರ ಆಸೆಯೋ!

2020ರ ಮಾರ್ಚ್ 22ರಂದು ದೇಶಕ್ಕೆ ದೇಶವೇ ಬಾಗಿಲಲ್ಲಿ ನಿಂತು ತಟ್ಟೆ ಬಡಿಯಿತು. ಅದೇ ದಿನಗಳಲ್ಲಿ ಸೋಂಕಿನ ಭಯಕ್ಕೆ ದಾದಿಯರನ್ನು ಬಾಡಿಗೆ ಮನೆ ಖಾಲಿ ಮಾಡಿ ಎಂದವರೂ ಇದ್ದರು. ಇತ್ತೀಚೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ 'ಶುಶ್ರೂಷಣಾಧಿಕಾರಿ' ಎಂಬ ಹೆಸರೂ ಬಂದಿದೆ. ಸಂತೋಷ. ಆದರೆ ಹೆಸರು ಬದಲಾದರೆ ಮಂಚಗಳ ಸಂಖ್ಯೆ ಕಡಿಮೆಯಾಗುವುದಿಲ್ಲ.

ನಾವೇನು ಮಾಡಬಹುದು ಎಂದು ಕೇಳುತ್ತೀರಾ? ಮಗುವನ್ನು ಮನೆಗೆ ಕಳಿಸುವ ದಿನ ಖಾಸಗಿ ಆಸ್ಪತ್ರೆಯವರು ಉದ್ದನೆಯ ಬಿಲ್ಲು ಕೊಡುತ್ತಾರೆ. ಅದರಲ್ಲಿ ಹಾಸಿಗೆ, ಔಷಧಿಗಳ ನಡುವೆ 'ನರ್ಸಿಂಗ್ ಚಾರ್ಜ್' ಎಂಬ ಸಾಲೂ ಇರುತ್ತದೆ. ದಿನಕ್ಕೆ ಇಷ್ಟು ಎಂದು ನಮ್ಮಿಂದ ವಸೂಲಾಗುವ ಹಣ ಅದು. ಆ ಸಾಲಿನ ಮೇಲೆ ಬೆರಳಿಟ್ಟು ಕೌಂಟರಿನಲ್ಲಿ ಕೇಳಿ: ಇದರಲ್ಲಿ ರಾತ್ರಿಯಿಡೀ ನಮ್ಮ ಮಗುವಿನ ಉಸಿರು ಎಣಿಸಿದವಳ ಕೈಗೆ ಎಷ್ಟು ಸೇರುತ್ತದೆ? ಉತ್ತರ ಸಿಗಲಿಕ್ಕಿಲ್ಲ. ಒಬ್ಬಳು ಕೇಳಿದರೆ ತಲೆಹರಟೆ ಎಂದಾರು. ಊರಿನ ಹೆಂಗಸರೆಲ್ಲ ಕೇಳಿದರೆ ಲೆಕ್ಕ ಕೊಡಲೇಬೇಕಾಗುತ್ತದೆ.