ಒಂದೇ ಮಾತಿಗೆ ಐದು ವರ್ಷದ ವೋಟು

"ನಮ್ಮೂರಿನ ಬ್ರಾಂದಿ ಅಂಗಡಿ ಯಾರು ಮುಚ್ಚಿಸ್ತಾರೋ ಅವರಿಗೇ ನಮ್ಮ ವೋಟು. ಬೇರೆ ಏನೂ ಕೇಳೋದಿಲ್ಲ." ಚುನಾವಣೆ ಹತ್ತಿರ ಬಂದಾಗಲೆಲ್ಲ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳ ಬಾಯಲ್ಲಿ ಬರುವ ಮಾತಿದು. ಹೀಗೆ ಹೇಳುವ ತಾಯಂದಿರಿಗೆ, ಅಕ್ಕತಂಗಿಯರಿಗೆ, ಅವರ ಮಾತು ಕೇಳಿ ತಲೆಯಾಡಿಸುವ ಅಣ್ಣತಮ್ಮಂದಿರಿಗೆ ಈ ಮನವಿ.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮಾತು ಸಣ್ಣದೆಂದು ನಾನು ತಿಳಿದಿಲ್ಲ. ಒಂದೇ ವಿಷಯ ಹಿಡಿದು ವೋಟು ಹಾಕುವವರು ದಡ್ಡರು, ಎಲ್ಲವನ್ನೂ ಅಳೆದು ತೂಗಿ ಹಾಕುವವರೇ ಜಾಣರು ಎಂದು ಪೇಟೆಯಲ್ಲಿ ಕೂತು ಹೇಳುವುದು ಸುಲಭ. ದಿನಗೂಲಿಯ ಅರ್ಧ ಸಂಜೆಯೊಳಗೆ ಕ್ವಾರ್ಟರ್ ಬಾಟಲಿಗೆ ಹೋಗುವ ಮನೆಯಲ್ಲಿ ಮದ್ಯ ಒಂದೇ ವಿಷಯವಲ್ಲ. ಅಕ್ಕಿಯ ವಿಷಯ, ಮಗಳ ಶಾಲೆಯ ವಿಷಯ, ಸಂಘದ ಸಾಲದ ಕಂತು, ರಾತ್ರಿಯ ಹೊಡೆತ ಎಲ್ಲವೂ ಅದರೊಳಗೇ ಇವೆ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಬಂದದ್ದು ಹವ್ಯಾಸಕ್ಕಲ್ಲ. ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿ ಒಬ್ಬ ತಾಯಿ ತೀರಿಕೊಂಡರು. ಉಳಿದವರು ನಡಿಗೆ ನಿಲ್ಲಿಸಲಿಲ್ಲ.

ಒಂದೇ ವಿಷಯಕ್ಕಾಗಿ ಚುನಾವಣೆಯನ್ನೇ ಬಳಸಿದವರು ನಮ್ಮ ಸುತ್ತಮುತ್ತ ಬೇಕಾದಷ್ಟು ಜನರಿದ್ದಾರೆ. ಆಗಿನ ಆಂಧ್ರದ ನಲ್ಗೊಂಡ ಜಿಲ್ಲೆಯ ನೀರಿನಲ್ಲಿ ಫ್ಲೋರೈಡ್ ತುಂಬಿತ್ತು. ಎಳೆಯ ಮಕ್ಕಳ ಕಾಲು ಸೊಟ್ಟಗಾಗುತ್ತಿತ್ತು, ನಡುವಯಸ್ಸಿಗೇ ಬೆನ್ನು ಬಾಗುತ್ತಿತ್ತು. ಅರ್ಜಿ, ಧರಣಿ ಯಾವುದಕ್ಕೂ ಯಾರೂ ಕಿವಿಗೊಡದೆ ಹೋದಾಗ 1996ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿನ ಜನ ಸಾಲುಗಟ್ಟಿ ನಾಮಪತ್ರ ಹಾಕಿದರು. ಕಣದಲ್ಲಿ 480 ಅಭ್ಯರ್ಥಿಗಳು ಉಳಿದರು. ಗೆಲ್ಲುವ ಆಸೆ ಅವರಿಗಿರಲಿಲ್ಲ. ನಮ್ಮ ನೀರಿನ ಕಡೆ ಒಮ್ಮೆ ನೋಡಿ ಎಂದು ದೇಶಕ್ಕೆ ಹೇಳಲು ಬೇರೆ ದಾರಿ ಕಾಣಲಿಲ್ಲ, ಅಷ್ಟೇ. ಅದರ ಬೆನ್ನಿಗೇ ಸರ್ಕಾರ ಲೋಕಸಭಾ ಅಭ್ಯರ್ಥಿಯ ಠೇವಣಿಯನ್ನು 500 ರೂಪಾಯಿಯಿಂದ 10,000 ರೂಪಾಯಿಗೆ ಏರಿಸಿತು. ನೀರಿಗಿಂತ ಮೊದಲು ಠೇವಣಿಯ ವಿಷಯ ಇತ್ಯರ್ಥವಾದದ್ದು ಇಂದಿಗೂ ನನಗೆ ನೋವಿನ ಸಂಗತಿ.

ಆದ್ದರಿಂದ ಒಂದೇ ವಿಷಯಕ್ಕೆ ವೋಟು ಹಾಕಬೇಡಿ ಎಂದು ನಾನು ಹೇಳಲಾರೆ. ಹಾಗೆ ಹಾಕಿ ಗೆದ್ದವರಿಗೆ ಮುಂದೆ ಏನಾಯಿತು ಎಂಬುದನ್ನು ಮಾತ್ರ ನಿಮ್ಮ ಮುಂದೆ ಇಡಬೇಕಾಗಿದೆ.

ಗೆದ್ದವರಲ್ಲಿ ಮೊದಲಿಗರು ಆಂಧ್ರದ ನೆಲ್ಲೂರು ಜಿಲ್ಲೆಯ ಹೆಂಗಸರು. 1992ರ ಹೊತ್ತಿಗೆ ದೂಬಗುಂಟ ಎಂಬ ಹಳ್ಳಿಯಲ್ಲಿ ಅಕ್ಷರ ಕಲಿಯಲು ರಾತ್ರಿ ಕೂಡುತ್ತಿದ್ದ ಕೂಲಿ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ಸುದ್ದಿ ಹಬ್ಬಿತು. ಊರೂರಲ್ಲಿ ಹೆಂಗಸರು ಸಾರಾಯಿ ಗಾಡಿಗಳಿಗೆ ಅಡ್ಡ ನಿಂತರು, ಹರಾಜು ನಡೆಯಗೊಡಲಿಲ್ಲ. 1993ರಲ್ಲಿ ಸಾರಾಯಿ ನಿಷೇಧವಾಯಿತು. 1994ರ ವಿಧಾನಸಭಾ ಚುನಾವಣೆಯಲ್ಲಿ ತೆಲುಗು ದೇಶಂ ಪಕ್ಷದ ಎನ್.ಟಿ. ರಾಮರಾವ್ ಸಂಪೂರ್ಣ ಪಾನನಿಷೇಧದ ಮಾತು ಕೊಟ್ಟರು, ಹೆಂಗಸರ ವೋಟು ಹರಿದುಬಂತು, ಗೆದ್ದರು. ಪ್ರಮಾಣವಚನದ ದಿನವೇ ಕಡತಕ್ಕೆ ಸಹಿ ಬಿತ್ತು. 1995ರ ಜನವರಿಯಿಂದ ನಿಷೇಧ ಜಾರಿಯಾಯಿತು. ಹೇಳಿದ್ದನ್ನು ಮಾಡಿ ತೋರಿಸಿದ ಸರ್ಕಾರ ಅದು.

ಆದರೆ ಅದೇ ವರ್ಷ ರಾಮರಾವ್ ಕುರ್ಚಿ ಕಳೆದುಕೊಂಡರು. ಅಬಕಾರಿ ವರಮಾನ ನಿಂತ ಖಜಾನೆ ಬಡಕಲಾಯಿತು, ಗಡಿಯಾಚೆಯಿಂದ ಕಳ್ಳಮಾಲು ಬರತೊಡಗಿತು. 1997ರಲ್ಲಿ ಅದೇ ಪಕ್ಷದ ಸರ್ಕಾರ ನಿಷೇಧ ತೆಗೆದುಹಾಕಿತು. ಆಗ ಯಾರೂ ಹೆಂಗಸರ ವೋಟು ಕೇಳಲಿಲ್ಲ. ವಿಧಾನಸಭಾ ಚುನಾವಣೆ ಬರಲು ಇನ್ನೂ ಎರಡು ವರ್ಷವಿತ್ತು.

ಬಿಹಾರದ ಕಥೆ ಇನ್ನೊಂದು ಬಗೆಯದು. 2015ರಲ್ಲಿ ಮುಖ್ಯಮಂತ್ರಿ ನಿತೀಶ್ ಕುಮಾರ್ ಸ್ವಸಹಾಯ ಸಂಘಗಳ ಮಹಿಳೆಯರಿಗೆ ಪಾನನಿಷೇಧದ ಮಾತು ಕೊಟ್ಟರು. 2016ರ ಏಪ್ರಿಲ್‌ನಲ್ಲಿ ಅದನ್ನು ನಡೆಸಿಯೂ ಕೊಟ್ಟರು. ಅಲ್ಲಿ ನಿಷೇಧ ಉಳಿದಿದೆ. ಮನೆಯಲ್ಲಿ ನೆಮ್ಮದಿ ಬಂತು ಎನ್ನುವ ಹೆಂಗಸರೂ ಅಲ್ಲಿದ್ದಾರೆ, ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಕಾನೂನು ಎಷ್ಟು ಕಠಿಣವಾಗಿತ್ತೆಂದರೆ ಲಕ್ಷಗಟ್ಟಲೆ ಜನ ಬಂಧನಕ್ಕೊಳಗಾದರು, ನ್ಯಾಯಾಲಯಗಳು ಜಾಮೀನು ಅರ್ಜಿಗಳಲ್ಲಿ ಮುಳುಗಿಹೋದವು. ಒಳಗೆ ಹೋದವರಲ್ಲಿ ಹೆಚ್ಚಿನವರು ಬಡವರು, ಕೂಲಿಯವರು. ವಕೀಲರಿಗೆ ದುಡ್ಡು ಹೊಂದಿಸಲು ಓಡಾಡಿದವರು ನಿಷೇಧ ಕೇಳಿದ ಅದೇ ಹೆಂಗಸರು. 2022ರ ಡಿಸೆಂಬರಿನಲ್ಲಿ ಸಾರಣ್ ಜಿಲ್ಲೆಯಲ್ಲಿ ಕಳ್ಳಬಟ್ಟಿ ಕುಡಿದು ಹತ್ತಾರು ಜನ ಸತ್ತರು. ಆ ವರ್ಷದ ಆರಂಭದಲ್ಲೇ, ಮೊದಲ ಬಾರಿ ಸಿಕ್ಕಿಬಿದ್ದವರು ದಂಡ ಕಟ್ಟಿ ಹೋಗಬಹುದೆಂದು ಕಾನೂನನ್ನು ಸಡಿಲಿಸಲಾಗಿತ್ತು. ಹೆಂಗಸರು ಕೇಳಿದ್ದು ಅಂಗಡಿ ಮುಚ್ಚಲಿ ಎಂದು. ಗಂಡ, ಮಗ ಜೈಲಿಗೆ ಹೋಗಲಿ ಎಂದಲ್ಲ. ಒಂದೇ ಮಾತಿಗೆ ವೋಟು ಕೊಟ್ಟಾಗ, ಆ ಮಾತನ್ನು ಕಾನೂನಾಗಿ ಬರೆಯುವ ಅಧಿಕಾರವನ್ನೂ ಪೂರ್ತಿಯಾಗಿ ಬಿಟ್ಟುಕೊಟ್ಟಂತಾಯಿತು.

ನಮ್ಮ ರಾಜ್ಯದ ಅನುಭವವೂ ಇದೆ. 2007ರ ಜುಲೈ 1ರಿಂದ ಇಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹೋಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ ಬಂದವು. ಮದ್ಯದಂಗಡಿಯೇ ಇಲ್ಲದ ಊರಿನ ಗೂಡಂಗಡಿಯಲ್ಲಿ, ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಈಗ ಅವು ಸಿಗುತ್ತವೆ. ಹಳ್ಳಿ ಹೆಂಗಸರ ಸಿಟ್ಟು ಹೆಚ್ಚಾಗಿ ಇರುವುದು ಈ ಕದ್ದು ಮಾರುವ ಮದ್ಯದ ಮೇಲೆ. ಇದನ್ನು ನಿಲ್ಲಿಸಲು ಹೊಸ ಕಾನೂನು ಬೇಡ, ಈಗಿರುವ ಕಾನೂನಿನಲ್ಲೇ ಅದು ಅಪರಾಧ. ಬೇಕಾಗಿರುವುದು ಠಾಣೆಯೂ ಅಬಕಾರಿ ಇಲಾಖೆಯೂ ತಮ್ಮ ಕೆಲಸ ಮಾಡುವುದು. ನಿಷೇಧದ ಭರವಸೆ ಕೊಡುವ ಅಭ್ಯರ್ಥಿಗೆ ಈ ಸಣ್ಣ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಿ ನೋಡಿ. ದೊಡ್ಡ ಮಾತು ಆಡುವವರೆಲ್ಲ ಇದಕ್ಕೆ ಉತ್ತರ ಕೊಡುವುದಿಲ್ಲ.

ಇನ್ನು ಖಜಾನೆ. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿದೆ. 2017ರ ನಂತರ ರಾಜ್ಯಗಳು ತಾವೇ ತೆರಿಗೆ ಹಾಕಿ ಏರಿಸಬಹುದಾದ ವಸ್ತುಗಳು ಕೆಲವೇ ಉಳಿದಿವೆ, ಅವುಗಳಲ್ಲಿ ಮದ್ಯ ಮುಖ್ಯವಾದದ್ದು. ಪ್ರತಿ ಬಜೆಟ್ಟಿನಲ್ಲೂ ಅಬಕಾರಿ ಇಲಾಖೆಗೆ ಹಿಂದಿನದಕ್ಕಿಂತ ದೊಡ್ಡ ಗುರಿ ಕೊಡುವ ಸರ್ಕಾರ, ಅದೇ ಬಾಯಲ್ಲಿ ಮದ್ಯ ಬಿಡಿಸುತ್ತೇನೆ ಎಂದರೆ ನಂಬುವುದು ಹೇಗೆ? ನಿಮ್ಮ ಊರಿನ ಶಾಲೆಯ ಮೇಷ್ಟರ ಸಂಬಳವೂ, ನಿಮಗೆ ಬರುವ ಪಿಂಚಣಿಯೂ ಅದೇ ಖಜಾನೆಯಿಂದ ಬರುವಂಥವು. ಆ ಹಣಕ್ಕೆ ಬದಲಿ ಎಲ್ಲಿದೆ ಎಂದು ಹೇಳದೆ ನಿಷೇಧ ಎನ್ನುವವರು ನಿಮ್ಮನ್ನು 1997ರ ನೆಲ್ಲೂರಿಗೆ ಕರೆದೊಯ್ಯುತ್ತಿದ್ದಾರೆ.

ಯಾವ ಚುನಾವಣೆ ಎಂಬುದನ್ನೂ ನೋಡಬೇಕು. ಸಂವಿಧಾನದಲ್ಲಿ ಮದ್ಯ ರಾಜ್ಯಪಟ್ಟಿಯ ವಿಷಯ. ಲೋಕಸಭೆಗೆ ನಿಂತವರು ಬ್ರಾಂದಿ ಅಂಗಡಿ ಮುಚ್ಚಿಸುತ್ತೇನೆಂದರೆ, ತಮ್ಮ ಕೈಯಲ್ಲಿಲ್ಲದ್ದನ್ನು ಕೊಡುತ್ತೇನೆಂದ ಹಾಗೆ. ಪಂಚಾಯಿತಿ ಸದಸ್ಯರು ಠರಾವು ಮಾಡಬಹುದು, ಪರವಾನಗಿ ಅವರ ಕೈಯಲ್ಲಿಲ್ಲ. ವಿಧಾನಸಭೆಗೆ ಹೋಗುವವರದ್ದೂ ಪೂರ್ತಿ ಸ್ವತಂತ್ರ ನಾಲಿಗೆಯಲ್ಲ. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ಪಕ್ಷದ ವಿಪ್, ಅಂದರೆ ಆದೇಶ, ಮೀರಿ ಮತ ಹಾಕಿದ ಶಾಸಕ ಸ್ಥಾನವನ್ನೇ ಕಳೆದುಕೊಳ್ಳಬಹುದು. ಆದ್ದರಿಂದ ವೇದಿಕೆಯ ಮೇಲೆ ಕೈಮುಗಿದು ಕೊಟ್ಟ ವೈಯಕ್ತಿಕ ಮಾತಿಗಿಂತ ಅವರ ಪಕ್ಷದ ಪ್ರಣಾಳಿಕೆಯಲ್ಲಿ ಅಚ್ಚಾದ ಒಂದು ಸಾಲು ಹೆಚ್ಚು ಬೆಲೆಯದು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಒಂದು ವಿಷಯ ಅಷ್ಟು ದೊಡ್ಡದಾಗಿದ್ದರೆ ಆ ವಿಷಯಕ್ಕೇ ಒಂದು ವೋಟು ಬೇಕು. ಶಾಲೆ, ಆಸ್ಪತ್ರೆ, ಬೆಳೆವಿಮೆ, ಉದ್ಯೋಗ ಖಾತ್ರಿ, ಪೊಲೀಸ್ ಠಾಣೆ, ಭೂಮಿ ಎಲ್ಲವನ್ನೂ ನಡೆಸಬೇಕಾದ ಶಾಸಕರನ್ನು ಆರಿಸುವ ವೋಟಿನೊಳಕ್ಕೆ ಅದನ್ನು ತುರುಕಿದರೆ ವಿಷಯವೂ ಸೋರಿಹೋಗುತ್ತದೆ, ವೋಟೂ ಹಾಳಾಗುತ್ತದೆ. ನೀವು ಒಂದನ್ನೇ ಕೇಳುತ್ತೀರಿ ಎಂದು ಗೊತ್ತಾದ ದಿನ, ಉಳಿದ ಎಲ್ಲದರಲ್ಲೂ ಅವರಿಗೆ ನಿಮ್ಮ ಭಯ ಹೋಯಿತು.

ವಿಷಯಕ್ಕೇ ಪ್ರತ್ಯೇಕ ವೋಟು ಕನಸಿನ ಮಾತಲ್ಲ. ನಮ್ಮ ಬೆಳಗಾವಿ, ವಿಜಯಪುರ, ಬೀದರ ಜಿಲ್ಲೆಗಳ ಗಡಿ ದಾಟಿದರೆ ಮಹಾರಾಷ್ಟ್ರದಲ್ಲಿ ಅದು ನಡೆದಿದೆ. ಊರಿನ ಮತದಾರರ ಪಟ್ಟಿಯಲ್ಲಿರುವ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಇಪ್ಪತ್ತೈದು ಮಂದಿ ಸಹಿ ಮಾಡಿ ಅರ್ಜಿ ಕೊಟ್ಟರೆ ಅಧಿಕಾರಿಗಳು ಗುಪ್ತ ಮತದಾನ ನಡೆಸಬೇಕು. ಚೀಟಿಯ ಮೇಲೆ ಎರಡೇ ಚಿತ್ರ: ನಿಂತ ಬಾಟಲಿ, ಅಡ್ಡ ಮಲಗಿದ ಬಾಟಲಿ. ಅಂಗಡಿ ಇರಲಿ ಎನ್ನುವವರಿಗೆ ನಿಂತದ್ದು, ಬೇಡ ಎನ್ನುವವರಿಗೆ ಮಲಗಿದ್ದು. ಪಟ್ಟಿಯಲ್ಲಿರುವ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೇಡ ಎಂದರೆ ಅಂಗಡಿ ಮುಚ್ಚಬೇಕು. ಓದು ಬಾರದವರಿಗೂ ತಿಳಿಯುವ ಮತಚೀಟಿ. ಇಲ್ಲಿ ಪಕ್ಷವಿಲ್ಲ, ಜಾತಿಯ ಲೆಕ್ಕವಿಲ್ಲ. ಇಡೀ ರಾಜ್ಯದ ಖಜಾನೆ ಒಮ್ಮೆಗೇ ಕುಸಿಯುವುದಿಲ್ಲ, ಯಾರ ಗಂಡನೂ ಜೈಲಿಗೆ ಹೋಗುವುದಿಲ್ಲ. ಕಳ್ಳಮಾಲಿನ ಕಾಟ ಇದರಿಂದ ತೀರುತ್ತದೆ ಎನ್ನಲಾರೆ, ಅದಕ್ಕೆ ಪೊಲೀಸರೇ ಬೇಕು. ಆದರೂ ರಾಜ್ಯವ್ಯಾಪಿ ನಿಷೇಧಕ್ಕಿಂತ ಇದು ಮೇಲು ಎಂಬುದು ನನ್ನ ದೃಢವಾದ ನಂಬಿಕೆ.

ಕರ್ನಾಟಕದ ಹೆಣ್ಣುಮಕ್ಕಳಿಗೂ ಈ ಹಕ್ಕು ಬೇಕು. ಅದು ಸಿಗುವವರೆಗೆ ಒಂದೇ ವಿಷಯಕ್ಕೆ ವೋಟು ಹಾಕಲೇಬೇಕು ಎನ್ನಿಸಿದರೆ, ಮದ್ಯ ನಿಷೇಧಿಸುತ್ತೀರಾ ಎಂದು ಕೇಳಬೇಡಿ. ಅಂಗಡಿ ಬೇಕೋ ಬೇಡವೋ ಎಂದು ಊರಿನ ಹೆಣ್ಣುಮಕ್ಕಳೇ ಮತ ಹಾಕಿ ತೀರ್ಮಾನಿಸುವ ಕಾನೂನು ತರುತ್ತೀರಾ ಎಂದು ಕೇಳಿ. ಪ್ರಣಾಳಿಕೆಯಲ್ಲಿ ಬರೆಸಿ. ವಿರೋಧ ಪಕ್ಷದಲ್ಲಿ ಕೂರಬೇಕಾಗಿ ಬಂದರೂ ಖಾಸಗಿ ಮಸೂದೆ ಮಂಡಿಸುವ ಹಕ್ಕು ಶಾಸಕರಿಗಿದೆ, ಅದನ್ನು ನೆನಪಿಸಿ. ಹೂಂ ಎಂದ ಮೇಲೂ ಅವರನ್ನು ಅಷ್ಟಕ್ಕೇ ಬಿಡಬೇಡಿ. ಆರೋಗ್ಯ ಕೇಂದ್ರದಲ್ಲಿ ರಾತ್ರಿ ಹೊತ್ತು ನರ್ಸ್ ಇದ್ದಾರೆಯೇ, ಮಗಳು ಹೈಸ್ಕೂಲಿಗೆ ಹೋಗಲು ಬಸ್ಸಿದೆಯೇ ಎಂದೂ ಕೇಳಿ.

ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ ಮದ್ಯ ಮಾರುವಂತಿಲ್ಲ, ಹಂಚುವಂತಿಲ್ಲ ಎಂದು ಕಾನೂನಿದೆ. ಆ ಎರಡು ರಾತ್ರಿ ನಿಮ್ಮ ಓಣಿಗೆ ಬಾಟಲಿ ಯಾರ ಗಾಡಿಯಲ್ಲಿ ಬರುತ್ತದೆ ನೋಡಿಕೊಳ್ಳಿ. ಮದ್ಯ ಮುಚ್ಚಿಸುತ್ತೇನೆಂದವರ ಗಾಡಿಯೇ ಆದರೆ ಬೇರೆ ಸಾಕ್ಷಿ ಬೇಡ. ಫೋನಿನಲ್ಲಿ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್ ತೆರೆದು, ಅದರಲ್ಲೇ ಫೋಟೋ ತೆಗೆದು ಕಳಿಸಿ.

ಚುನಾವಣೆ ದೂರವಿದ್ದರೂ ಗ್ರಾಮಸಭೆ ಹತ್ತಿರವಿದೆ. ಈ ಸಲ ಸಂಘದ ಹೆಣ್ಣುಮಕ್ಕಳೆಲ್ಲ ಒಟ್ಟಿಗೆ ಹೋಗಿ, ಎರಡು ಠರಾವು ಬರೆಸಿ. ಒಂದು, ನಮ್ಮೂರಿನ ಇಂತಿಂಥ ಕಡೆ ಪರವಾನಗಿ ಇಲ್ಲದೆ ಮದ್ಯ ಮಾರುತ್ತಿದ್ದಾರೆ, ನಿಲ್ಲಿಸಿ. ಇನ್ನೊಂದು, ನಮ್ಮೂರಿನ ಅಂಗಡಿಯ ಬಗ್ಗೆ ನಾವೇ ಮತ ಹಾಕಿ ತೀರ್ಮಾನಿಸುವ ಹಕ್ಕು ಕೊಡಿ. ಪಿಡಿಒ ಅವರಿಂದ ನಕಲು ಪಡೆದು ಒಂದನ್ನು ಜಿಲ್ಲಾಧಿಕಾರಿಗೆ, ಒಂದನ್ನು ಅಬಕಾರಿ ಕಚೇರಿಗೆ, ಒಂದನ್ನು ನಿಮ್ಮ ಶಾಸಕರಿಗೆ ಕೊಡಿ. ಕೊಟ್ಟ ಕಡೆಯೆಲ್ಲ ತಾರೀಖು ಹಾಕಿದ ಸ್ವೀಕೃತಿ ಪಡೆದು ಸಂಘದ ಪುಸ್ತಕದಲ್ಲಿ ಅಂಟಿಸಿಡಿ. ವೋಟು ಕೇಳಲು ಮನೆಗೆ ಬಂದವರ ಮುಂದೆ ಮೊದಲು ಆ ಪುಸ್ತಕ ತೆರೆಯಿರಿ.