ಕಮಲದ ಕರ್ಣಿಕೆಯನ್ನು ನೋಡಲಾರದವರು

ಕಮಲವನ್ನು ಕಂಡು ಮುಖ ತಿರುಗಿಸುವವರೂ ಉಂಟೆಂದರೆ ವಾಚಕರು ನಂಬಲಿಕ್ಕಿಲ್ಲ. ಹೂವನ್ನು ಕಂಡಲ್ಲ, ದಳಗಳೆಲ್ಲ ಉದುರಿದ ಮೇಲೆ ಉಳಿಯುವ ಕರ್ಣಿಕೆಯನ್ನು, ಅರ್ಥಾತ್ ಬೀಜಕೋಶವನ್ನು ಕಂಡು. ಅದರ ಚಪ್ಪಟೆಯಾದ ಮೇಲ್ಭಾಗದಲ್ಲಿ ಒತ್ತೊತ್ತಾಗಿ ತೂತುಗಳು. ಒಂದೊಂದರಲ್ಲಿಯೂ ಒಂದೊಂದು ಬೀಜ. ಅದು ಕಣ್ಣಿಗೆ ಬಿದ್ದೊಡನೆ ಕೆಲವರಿಗೆ ಮೈಮೇಲೆ ಹುಳು ಹರಿದಂತಾಗುತ್ತದೆ, ಹೊಟ್ಟೆ ತೊಳಸುತ್ತದೆ. ಜೇನುಹುಟ್ಟಿನ ಕಣ್ಣುಗಳು, ಸಾಬೂನಿನ ನೊರೆ, ಹೆಂಚಿನ ಮೇಲೆ ಬೇಯುವ ದೋಸೆ ಸಹ ಇದೇ ಬಾಧೆಯನ್ನು ಕೊಡುವುದುಂಟು. ಎಲ್ಲರ ಮನೆಯ ದೋಸೆಯೂ ತೂತೇ ಎಂದು ಸಮಾಧಾನ ಹೇಳಿಕೊಳ್ಳುವ ನಮ್ಮ ನಾಡಿನಲ್ಲಿ ಇಂಥವರ ಪಾಡೇನು!

ಇದಕ್ಕೆ ‘ಟ್ರಿಪೊಫೋಬಿಯಾ’ ಎಂಬ ಹೆಸರು ಬಂದಿದೆ. ಗ್ರೀಕ್ ಭಾಷೆಯಲ್ಲಿ ‘ಟ್ರಿಪ’ ಎಂದರೆ ರಂಧ್ರ, ‘ಫೋಬೊಸ್’ ಎಂದರೆ ಭಯ. ಧಾತು ಪ್ರಾಚೀನವಾದರೂ ಶಬ್ದವು ಈ ಶತಮಾನದ ಕೂಸು. 2013ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ಜೆಫ್ ಕೋಲ್ ಮತ್ತು ಆರ್ನಾಲ್ಡ್ ವಿಲ್ಕಿನ್ಸ್ ಎಂಬ ಸಂಶೋಧಕರು 286 ಜನರಿಗೆ ಇದೇ ಬೀಜಕೋಶದ ಚಿತ್ರವನ್ನು ತೋರಿಸಿದಾಗ ಸ್ತ್ರೀಯರಲ್ಲಿ ಶೇಕಡಾ 18, ಪುರುಷರಲ್ಲಿ ಶೇಕಡಾ 11 ಜನ ಕಸಿವಿಸಿಗೊಂಡರು. ನೀಲಿ ಉಂಗುರಗಳ ಆಕ್ಟೋಪಸ್ಸಿನಂತಹ ವಿಷಜಂತುಗಳ ಮೈಮೇಲಿನ ಚಿತ್ತಾರಕ್ಕೂ ಈ ರಂಧ್ರಸಮೂಹಕ್ಕೂ ಕಣ್ಣಿನ ಮಟ್ಟಿಗೆ ಸಾಮ್ಯವಿದೆಯೆಂದು ಅವರು ಊಹಿಸಿದರು. ಟಾಮ್ ಕುಪ್ಫರ್ ಮತ್ತು ಆನ್ ಲೆ ಎಂಬ ಸಂಶೋಧಕರು ಬೇರೆಯೇ ದಾರಿ ಹಿಡಿದರು. ಸಿಡುಬು, ದಡಾರಗಳು ಚರ್ಮದ ಮೇಲೆ ಗುಂಪುಗುಂಪಾಗಿ ಏಳುತ್ತವೆ. ಸೋಂಕಿನಿಂದ ದೂರವಿರಲು ಮನುಷ್ಯನಲ್ಲಿ ಬೆಳೆದುಬಂದ ಹೇಸಿಗೆಯೇ ಇಲ್ಲಿ ಅತಿಯಾಗಿ ಕೆಲಸ ಮಾಡುತ್ತದೆ ಎಂಬುದು ಅವರ ವಾದ. ನನಗೆ ಇದೇ ಹೆಚ್ಚು ಒಪ್ಪಿತವಾಗಿ ತೋರುತ್ತದೆ. 2018ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯೂ ಇದಕ್ಕೆ ಪುಷ್ಟಿ ಕೊಡುತ್ತದೆ: ಹಾವಿನ ಚಿತ್ರಕ್ಕೆ ಕಣ್ಣಿನ ಪಾಪೆ ಹಿಗ್ಗಿದರೆ, ರಂಧ್ರಗಳ ಚಿತ್ರಕ್ಕೆ ಕುಗ್ಗಿತು.

ಹಾಗಾದರೆ ಹೆಸರಿನಲ್ಲಿರುವ ‘ಭಯ’ವೇ ತಪ್ಪಾಯಿತು. ಭರತನ ನಾಟ್ಯಶಾಸ್ತ್ರವು ಭಯಾನಕ ರಸಕ್ಕೆ ಭಯವನ್ನೂ ಬೀಭತ್ಸಕ್ಕೆ ಜುಗುಪ್ಸೆಯನ್ನೂ ಸ್ಥಾಯಿಯಾಗಿ ಹೇಳಿ, ಎರಡನ್ನೂ ಬೇರೆ ಬೇರೆಯಾಗಿ ಇರಿಸಿದೆ. ಸರ್ವಾಂಗಗಳನ್ನೂ ಸಂಕೋಚಿಸಿಕೊಳ್ಳುವುದನ್ನು ಬೀಭತ್ಸದ ಅನುಭಾವಗಳಲ್ಲಿ ಎಣಿಸಿದೆ. ಇಷ್ಟಕ್ಕೇ ನಮ್ಮವರು ಎಲ್ಲವನ್ನೂ ಮೊದಲೇ ಬಲ್ಲವರೆಂದು ಮೀಸೆ ತಿರುವಬೇಕಾಗಿಲ್ಲ. ಆದರೆ ಭಯಪಟ್ಟವನು ಬೇರೆ, ಹೇಸಿಕೊಂಡವನು ಬೇರೆ ಎಂಬ ಭೇದವು ಮನೆವಾರ್ತೆಯಲ್ಲಿಯೂ ಬೇಕಾದದ್ದು. ಹೆದರಿದ ಮಗುವಿಗೆ ‘ಹೆದರಬೇಡ, ಏನೂ ಮಾಡುವುದಿಲ್ಲ’ ಎಂದರೆ ಅರ್ಥವುಂಟು. ಬೀಜಕೋಶವು ಏನೂ ಮಾಡುವುದಿಲ್ಲವೆಂದು ಹೇಸಿಕೊಂಡವರಿಗೆ ಮೊದಲೇ ಗೊತ್ತಿರುತ್ತದೆ!

ನಾನು ಬಲ್ಲ ಮನೆಯೊಂದಕ್ಕೆ ಹೊಸದಾಗಿ ಬಂದ ಸೊಸೆ ದೋಸೆಯ ಹೆಂಚಿನ ಮುಂದೆ ನಿಲ್ಲಲಾರಳು. ಅತ್ತೆಯವರು ಇದನ್ನು ಸೋಮಾರಿತನವೆಂದೂ ತವರಿನ ಸೊಕ್ಕೆಂದೂ ಎಣಿಸಿದ್ದರು. ಆಕೆ ಜೋಳದ ರೊಟ್ಟಿಯನ್ನು ದಿನವೂ ಬೇಸರವಿಲ್ಲದೆ ಬಡಿಯುತ್ತಿದ್ದುದು ಮಾತ್ರ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ರೊಟ್ಟಿಗೆ ತೂತುಗಳಿಲ್ಲವಷ್ಟೆ.

ಅಮೆರಿಕದ ಮನೋವೈದ್ಯರು 2013ರಲ್ಲಿ ಪ್ರಕಟಿಸಿದ ರೋಗನಿರ್ಣಯ ಗ್ರಂಥದಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಬಹುಮಂದಿಗೆ ಇದು ಕ್ಷಣಕಾಲದ ಕಸಿವಿಸಿ, ಔಷಧದ ಅವಶ್ಯಕತೆಯಿಲ್ಲ. ಊಟ, ನಿದ್ರೆ, ಕೆಲಸಗಳಿಗೆ ಅಡ್ಡಿಯಾಗುವಷ್ಟು ಬಾಧಿಸಿದರೆ ಮನೋವೈದ್ಯರನ್ನು ಕಾಣಬೇಕು. ಕಾಣಲಾರದ ವಸ್ತುವನ್ನು ಸ್ವಲ್ಪಸ್ವಲ್ಪವಾಗಿ ಕಾಣಿಸಿ ರೂಢಿ ಮಾಡಿಸುವ ಚಿಕಿತ್ಸಾಕ್ರಮವೊಂದು ಅವರಲ್ಲಿದೆ. ಅದು ಬಾಧೆಪಡುವವರ ಒಪ್ಪಿಗೆಯಿಂದ ಮೆಲ್ಲಮೆಲ್ಲನೆ ನಡೆಯುವ ಕೆಲಸವೇ ಹೊರತು, ಊಟಕ್ಕೆ ಕುಳಿತ ಅತ್ತಿಗೆಯ ಮುಖದ ಮುಂದೆ ಮೊಬೈಲು ಹಿಡಿದು ಕಮಲದ ಚಿತ್ರ ತೋರಿಸಿ ನಗುವ ಮೈದುನನ ಕೆಲಸವಲ್ಲ.